ಕುಬಸದ ನವಿಲು

ಕೊಪ್ಪಳದ ಪಕ್ಕದ ಭಾಗ್ಯನಗರದ ಪಾತ್ರೆ ಅಂಗಡಿ ಉಮಾಪತಿಯ ಮನೆಗೆ ಲಲಿತಾ ಬಂದದ್ದು ಅಕ್ಕನ ಬಾಣಂತನ ಮಾಡಲಿಕ್ಕೆ. ಯಲಬುರ್ಗಾದ ತವರಿನಲ್ಲಿ ಅವ್ವ ತೀರಿಕೊಂಡಿದ್ದಳು. ಹೆತ್ತ ಅಕ್ಕನಿಗೆ ನೀರು ಕಾಸಿ ಹಾಕಲು ಬೇರೆ ಯಾರೂ ಇರಲಿಲ್ಲ. ಮೂರು ತಿಂಗಳಿದ್ದು ಬರುತ್ತೇನೆಂದು ಅಪ್ಪನಿಗೆ ಹೇಳಿ ಬಸ್ಸು ಹತ್ತಿದ ಹುಡುಗಿ ತಲೆ ನರೆಯುವವರೆಗೂ ಅಲ್ಲೇ ಉಳಿದಳು. ಅಕ್ಕ ಗವಿಸಿದ್ದಮ್ಮನಿಗೆ ಹೆರಿಗೆಯಾದ ಮೇಲೆ ಸೊಂಟ ಹಿಡಿಯಿತು. ಕಸ ಮುಸುರೆ ಕಂಡಾಗ ಹಿಡಿಯುವ, ಬೀಗರ ಮನೆಯ ಊಟ ಅಂದಾಗ ಬಿಡುವ ಸೊಂಟ ಅದು. ಲಲಿತಾಳನ್ನು ಕೇಳಿಕೊಂಡು ಎರಡು ಸಂಬಂಧ ಬಂದವು. ಒಂದಕ್ಕೆ ಭಾವ ಉಮಾಪತಿ, ಹುಡುಗ ಕುಡಿಯುತ್ತಾನಂತೆ ಎಂದ. ಇನ್ನೊಂದು ಕುಷ್ಟಗಿಯದು, ಅದಕ್ಕೆ ಊರು ದೂರಾಯಿತು ಎಂದ. ಕೊಪ್ಪಳಕ್ಕೆ ಕುಷ್ಟಗಿ ದೂರವೆಂದು ಹೇಳಿದ ಮೊದಲ ಮನುಷ್ಯ ಅವನೇ ಇರಬೇಕು. ಸಂಬಳವಿಲ್ಲದೆ ದುಡಿಯುವ ಕೈಯನ್ನು ಯಾವ ವ್ಯಾಪಾರಸ್ಥ ತಾನೇ ಬಿಟ್ಟುಕೊಟ್ಟಾನು? ಅಲ್ಲಿಗೆ ಲಲಿತಾಳ ಮದುವೆಯ ಮಾತು ಮುಗಿಯಿತು.

ಕೂಸು ಸುನಿತಾ ಬೆಳೆದದ್ದು ಈ ಚಿಗವ್ವನ ಮಡಿಲಲ್ಲಿ. ಎಣ್ಣೆ ಹಚ್ಚಿ ಎರೆದವಳು, ಸಾಲಿಗೆ ಕೈಹಿಡಿದು ಕರೆದೊಯ್ದವಳು, ಜ್ವರ ಬಂದಾಗ ಎದೆಗವಚಿಕೊಂಡು ಕೂತವಳು ಲಲಿತಾ. ಅವ್ವ ಅನ್ನಿಸಿಕೊಂಡವಳು ಮಾತ್ರ ಗವಿಸಿದ್ದಮ್ಮ. ಇದರ ಬಗ್ಗೆ ಲಲಿತಾ ಯಾವತ್ತೂ ತಕರಾರು ಮಾಡಲಿಲ್ಲ. ತಕರಾರು ಮಾಡಬಹುದು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಸುನಿತಾ ಏಳನೆಯ ತರಗತಿಯಲ್ಲಿದ್ದಾಗ ಸಾಲಿಯಲ್ಲಿ ಕೈಗೆಲಸ ಮಾಡಿ ತರಲು ಹೇಳಿದರು. ಅದೇ ಓಣಿಯ ಮೈಮುನಬಿಯ ಬಳೆ ಅಂಗಡಿಯಿಂದ ಒಂದು ಕ್ರಾಸ್ ಸ್ಟಿಚ್ ಕಿಟ್ ಬಂತು. ಸಣ್ಣ ಸಣ್ಣ ಚೌಕಗಳ ಮ್ಯಾಟಿ ಬಟ್ಟೆ, ಬಣ್ಣದ ದಾರದ ಲಡಿಗಳು, ಮೊಂಡು ತುದಿಯ ಸೂಜಿ, ಯಾವ ಚೌಕಕ್ಕೆ ಯಾವ ಬಣ್ಣ ಎಂದು ಗುರುತು ಹಾಕಿದ ಒಂದು ನಕ್ಷೆ. ಸುನಿತಾ ನಾಲ್ಕು ಹೊಲಿಗೆ ಹಾಕಿ, ದಾರ ಗಂಟಾಯಿತೆಂದು ಅತ್ತು, ಎಲ್ಲವನ್ನೂ ಮೂಲೆಗೆ ಎಸೆದಳು. ಲಲಿತಾ ಅದನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ಗಿಳಿಯೊಂದು ಮೂಡಿತು. ಸುನಿತಾಳಿಗೆ ಮೊದಲ ಬಹುಮಾನ ಬಂತು. ಬಹುಮಾನದ ಸ್ಟೀಲಿನ ಡಬ್ಬಿ ಹಿಡಿದು ಮಗಳು ಓಡಿ ಬಂದಾಗ ಓಣಿಗೆಲ್ಲ ಸಕ್ಕರೆ ಹಂಚಿದವಳು ಲಲಿತಾ. ಗಿಳಿ ಯಾರ ಕೈಯದೆಂದು ಅವತ್ತೂ ಯಾರೂ ಕೇಳಲಿಲ್ಲ.

ಅಲ್ಲಿಂದ ಲಲಿತಾಳಿಗೆ ಆ ಹುಚ್ಚು ಹತ್ತಿತು. ಮಧ್ಯಾಹ್ನ ಮನೆಯವರು ಉಂಡು ಮಲಗಿದ ಮೇಲೆ ಓಣಿಯ ಹೆಂಗಸರು ಚೌರಿ ಮಾಡುವ ಕಾರ್ಖಾನೆಯಿಂದ ಕೂಲಿಗೆ ತಂದ ಕೂದಲ ಗಂಟು ಬಿಡಿಸುತ್ತ ಕಟ್ಟೆಗೆ ಕೂಡುತ್ತಿದ್ದರು. ಲಲಿತಾ ತನ್ನ ರಿಂಗಿಗೆ ಬಟ್ಟೆ ಬಿಗಿದುಕೊಂಡು ಅವರ ಪಕ್ಕ ಕೂಡುತ್ತಿದ್ದಳು. ಬಟ್ಟೆಯನ್ನು ನಾಲ್ಕಾಗಿ ಮಡಚಿ ನಡು ಗುರುತು ಮಾಡಿಕೊಂಡು ಅಲ್ಲಿಂದಲೇ ಶುರು ಮಾಡುವಳು. ಒಂದು ಓರೆ ಹೊಲಿಗೆ, ಅದರ ಮೇಲೆ ಇನ್ನೊಂದು ಓರೆ. ಮೇಲಿನ ಓರೆಗಳೆಲ್ಲ ಒಂದೇ ಕಡೆಗೆ ವಾಲಬೇಕು, ಒಂದು ತಪ್ಪಿದರೂ ಬಿಚ್ಚಿ ಮತ್ತೆ ಹಾಕುವಳು. ಹಿಂಬದಿಯನ್ನೂ ಮುಂಬದಿಯಷ್ಟೇ ನಿಗಾ ಮಾಡಿ ಮುಗಿಸುವಳು. ‘ಹಿಂದಿಂದು ಯಾರು ನೋಡ್ತಾರ ಲಲಿತಕ್ಕ?’ ಎಂದು ಮೈಮುನಬಿ ನಗುತ್ತಿದ್ದಳು. ‘ನನ್ನ ಬೆರಳಿಗೆ ಗೊತ್ತಾಕೈತಲ್ಲ’ ಎಂದು ಲಲಿತಾ ಅನ್ನುವಳು. ಹೂವು, ಹಣತೆ, ಹಕ್ಕಿ, ಕುದುರೆ, ಏನು ಬಂದರೂ ಸೈ. ಬಂಧುಗಳ ಮದುವೆ, ತೊಟ್ಟಿಲು, ಹೊಸ ಮನೆ ಅಂದರೆ ಕಟ್ಟು ಹಾಕಿಸಿದ ಚಿತ್ರವೊಂದು ಉಮಾಪತಿಯ ಮನೆಯಿಂದ ಹೋಗುತ್ತಿತ್ತು. ಕೊಟ್ಟ ಹೆಸರು ಉಮಾಪತಿಯದೇ. ಆದರೂ ಆ ಹೊತ್ತು ಅವಳದು. ಇಡೀ ದಿನದಲ್ಲಿ ಅವಳದೆಂದು ಇದ್ದದ್ದು ಆ ಹೊತ್ತೊಂದೇ.

ಸುನಿತಾ ಮದುವೆಗೆ ಬಂದಳು. ಬಂದ ವರಗಳು ಚಹಾ ಕುಡಿದು ಹೋದವು, ಮತ್ತೆ ಮಾತಿಲ್ಲ. ಹುಡುಗಿಗೆ ಒಂದು ಕೆಲಸ ಬರುವುದಿಲ್ಲ, ಬರೀ ಮೊಬೈಲು ಅನ್ನುವ ಸುದ್ದಿ ಆಗಲೇ ಕೊಪ್ಪಳ ದಾಟಿತ್ತು. ಸುದ್ದಿ ಸುಳ್ಳೇನೂ ಅಲ್ಲ. ಕಡೆಗೆ ಗಂಗಾವತಿಯಿಂದ ಪ್ರಭುರಾಜನ ಕಡೆಯವರು ಬಂದರು. ಪಕ್ಕದ ಮರಳಿ ಹಳ್ಳಿಯಲ್ಲಿ ಭತ್ತದ ಗದ್ದೆ, ಗಂಗಾವತಿಯಲ್ಲಿ ದೊಡ್ಡ ಮನೆ, ಒಬ್ಬನೇ ಮಗ. ಅವನ ತಾಯಿ ಅಮರಮ್ಮ ಉಪ್ಪಿಟ್ಟು ಮುಟ್ಟಲಿಲ್ಲ, ಹುಡುಗಿಯನ್ನೂ ಸರಿಯಾಗಿ ನೋಡಲಿಲ್ಲ. ಎದ್ದು ಹೋಗಿ ಗೋಡೆಯ ಮೇಲಿನ ಕುದುರೆಗಳ ಚಿತ್ರದ ಮುಂದೆ ನಿಂತಳು.

‘ಇದನ್ನ ಯಾರು ಮಾಡ್ಯಾರ್ರಿ?’

ಗವಿಸಿದ್ದಮ್ಮ ಗಂಡನ ಮುಖ ನೋಡಿದಳು. ಉಮಾಪತಿ ನೆಲ ನೋಡಿದ. ಚಹಾದ ತಟ್ಟೆ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಲಲಿತಾಳೇ ಬಾಯಿ ಬಿಟ್ಟಳು. ‘ನಮ್ಮ ಸುನಿತಾ ಮಾಡ್ಯಾಳ್ರಿ.’

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಹುಡುಗಿಯ ಬಾಳು ನೆಟ್ಟಗಾದರೆ ಸಾಕು ಎಂದು ಒಳಗಿನಿಂದ ತಾನೇ ಬಂತು. ಕನ್ಯೆ ನೋಡಲು ಬಂದಾಗ ಮನೆಯವರ ಕೈಗೆಲಸವನ್ನೆಲ್ಲ ಹುಡುಗಿಯ ಲೆಕ್ಕಕ್ಕೆ ಬರೆಯುವುದು ನಮ್ಮ ಕಡೆ ಹೊಸದೇನಲ್ಲ. ಅತ್ತಿಗೆ ಮಾಡಿದ ಹೋಳಿಗೆ, ಅವ್ವ ಹೊಲಿದ ಕೌದಿ, ಎಲ್ಲವೂ ಅವತ್ತು ಹುಡುಗಿಯವೇ. ಮದುವೆಯಾದ ಮೇಲೆ ಯಾರೂ ಅದನ್ನು ನೆನಪಿಡುವುದಿಲ್ಲ. ಅಮರಮ್ಮ ನೆನಪಿಟ್ಟಳು. ‘ಇಷ್ಟು ತಾಳ್ಮಿ ಇದ್ದಾಕಿ ಸಂಸಾರ ಮಾಡ್ತಾಳ’ ಎಂದು ಕೂತು, ಆರಿದ ಉಪ್ಪಿಟ್ಟನ್ನು ಪೂರ್ತಿ ತಿಂದಳು. ಅಲ್ಲೇ ಮಾತು ಪಕ್ಕಾ ಆಯಿತು.

ಮದುವೆಯಾಗಿ ತಿಂಗಳೊಪ್ಪತ್ತಿನಲ್ಲಿ ಸುನಿತಾ ತವರಿಗೆ ಬಂದಳು. ಚೀಲದಲ್ಲಿ ಎರಡು ಕಿಟ್ ಇದ್ದವು.

‘ಅತ್ತಿಯಾರು ತರಿಸ್ಯಾರ ಚಿಗವ್ವಾ. ಅವರ ತಂಗಿ ಹೊಸ ಮನಿ ವಾಸ್ತುಕ್ಕ ಒಂದು, ಅಣ್ಣನ ಮಗನ ಮದುವಿಗೆ ಒಂದು. ತವರಿಗೆ ಹೋಗಿ ಶಾಂತ ಕೂತು ಮಾಡ್ಕೊಂಡು ಬರ್ತೀನಿ ಅಂತ ಹೇಳೀನಿ.’

ಲಲಿತಾ ನಕ್ಕು ಕಿಟ್ ತೆಗೆದುಕೊಂಡಳು. ಮೊದಲ ಸಲ ಖುಷಿಯೇ ಆಯಿತು ಅವಳಿಗೆ. ಆಮೇಲೆ ತಿಂಗಳಿಗೊಂದರಂತೆ ಬರತೊಡಗಿದವು. ಅಮರಮ್ಮನ ಬಳಗ ದೊಡ್ಡದು, ಅವಳ ಜಂಬ ಅದಕ್ಕೂ ದೊಡ್ಡದು. ಯಾರ ಮನೆಯ ಕಾರ್ಯವಾದರೂ ‘ನಮ್ಮ ಸೊಸಿ ಕೈಲಿಂದ ಮಾಡಿದ್ದು’ ಹೋಗಬೇಕು. ಗಂಗಾವತಿಯಲ್ಲಿ ಸುನಿತಾ ಅರ್ಧ ಮುಗಿದ ಬಟ್ಟೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಧಾರಾವಾಹಿ ನೋಡುತ್ತ ಕೂಡುವಳಂತೆ. ಯಾರಾದರೂ ಬಂದರೆ ಸೂಜಿ ಎತ್ತಿ ದಾರ ಪೋಣಿಸಿ ಇಡುವಳಂತೆ. ಅಷ್ಟನ್ನು ಚೆನ್ನಾಗಿ ಕಲಿತಿದ್ದಳು.

ಹೇಮಗುಡ್ಡದ ಗುಡಿಯಲ್ಲಿ ನಡೆದ ಅಮರಮ್ಮನ ಬಳಗದ ಒಂದು ಮದುವೆಯಲ್ಲಿ ಲಲಿತಾ ಪಂಕ್ತಿಗೆ ಅನ್ನ ಬಡಿಸುತ್ತಿದ್ದಳು. ಎದುರಿಗೆ ಕೂತ ಹೆಂಗಸರು ಅಮರಮ್ಮ ಉಡುಗೊರೆ ಕೊಟ್ಟ ಹಂಸಗಳ ಚಿತ್ರದ ಮಾತಾಡುತ್ತಿದ್ದರು. ಏನು ಬಣ್ಣ, ಏನು ಸಣ್ಣ ಕೆಲಸ, ಅಮರಮ್ಮ ಪುಣ್ಯ ಮಾಡ್ಯಾಳ. ಆ ಹಂಸಗಳ ಕುತ್ತಿಗೆಗೆ ಲಲಿತಾ ಎಷ್ಟು ಸಲ ಬಿಚ್ಚಿ ಎಷ್ಟು ಸಲ ಹಾಕಿದ್ದಳೋ. ಅನ್ನದ ಬುಟ್ಟಿ ಹಿಡಿದು ಅವಳು ಅಲ್ಲೇ ನಿಂತುಬಿಟ್ಟಳು. ‘ಏ ಯವ್ವಾ, ಸಾರು ಎಲ್ಲೈತಿ?’ ಅಂದಳು ಒಬ್ಬಳು. ಬಾಳಿನಲ್ಲಿ ಮೊದಲ ಸಲ ಲಲಿತಾಳಿಗೆ ಸಿಟ್ಟು ಬಂತು. ಮದುವೆ ಇಲ್ಲ, ಮಕ್ಕಳಿಲ್ಲ, ಮನೆ ಇಲ್ಲ. ಇದ್ದದ್ದು ಈ ಎರಡು ಕೈ, ಅವೂ ಇನ್ನೊಬ್ಬಳ ಹೆಸರಿನಲ್ಲಿ. ಇದು ನೀನು ಮಾಡಿದ್ದು ಎಂದು ಒಮ್ಮೆ, ನಾಲ್ಕು ಮಂದಿಯ ಮುಂದೆ, ಯಾರಾದರೂ ಅಂದರೆ ಸಾಕು ಅನ್ನಿಸಿತು. ಅದಕ್ಕಿಂತ ಹೆಚ್ಚಿನದನ್ನು ಅವಳು ಯಾವತ್ತೂ ಬೇಡಲಿಲ್ಲ.

ಅದೇ ವರ್ಷ ಅವಳ ಕಣ್ಣ ಮುಂದೆ ಕರಿ ಎಳೆಗಳು ತೇಲತೊಡಗಿದವು. ಬಹಳ ವರ್ಷದ ಶುಗರ್, ಗುಳಿಗೆ ನುಂಗಿದರೆ ನುಂಗಿದಳು, ಇಲ್ಲದಿದ್ದರೆ ಇಲ್ಲ. ಕಣ್ಣಿನ ಶಿಬಿರಕ್ಕೆ ಅವಳನ್ನು ಕರೆದುಕೊಂಡು ಹೋದವಳು ಮೈಮುನಬಿ, ಮನೆಯವರಲ್ಲ. ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರುತ್ತಿದೆ, ಇದೇ ವಾರ ಹುಬ್ಬಳ್ಳಿಗೆ ಹೋಗಿ ಲೇಸರ್ ಮಾಡಿಸಿ ಎಂದರು. ತಡ ಮಾಡಿದರೆ ಹೋದ ಕಣ್ಣು ಮತ್ತೆ ಬರುವುದಿಲ್ಲ ಎಂದೂ ಹೇಳಿದರು. ಮೈಮುನಬಿ ಮನೆಗೆ ಬಂದು ಅದನ್ನು ಗವಿಸಿದ್ದಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿ ಹೋದಳು.

ಆ ವಾರವೇ ಸುನಿತಾ ಬಂದಳು. ಐದು ತಿಂಗಳ ಬಸುರಿ. ಏಳರಲ್ಲಿ ಕುಬಸ ಮಾಡುತ್ತಾರೆ, ತವರಿನವರು ಹಸಿರು ಸೀರೆ, ಬುತ್ತಿ ತೆಗೆದುಕೊಂಡು ಗಂಗಾವತಿಗೆ ಬರಬೇಕು. ಅವಳ ಕೈಯಲ್ಲಿದ್ದ ಕಿಟ್ ಈವರೆಗೆ ಬಂದವುಗಳಲ್ಲೆಲ್ಲ ದೊಡ್ಡದು. ಜೋಡಿ ನವಿಲು, ಬಟ್ಟೆಯ ತುಂಬ ಹರಡಿದ ಗರಿ, ಒಂದಕ್ಕೊಂದು ಕೂದಲೆಳೆಯಷ್ಟೇ ಬೇರೆಯಾದ ನೀಲಿಗಳು.

‘ಈ ಸಲ ಬ್ಯಾಡವ್ವಾ, ಕಣ್ಣು ಸರಿ ಇಲ್ಲ’ ಎಂದಳು ಲಲಿತಾ.

ಸುನಿತಾ ಅವಳ ಪಕ್ಕ ಕೂತು ಕೈ ಹಿಡಿದಳು. ‘ಇದೊಂದು ಮಾಡಿಕೊಡು. ಕುಬಸದಾಗ ಎಲ್ಲಾರ ಮುಂದ ಹೇಳಿಬಿಡ್ತೀನಿ, ಇವೆಲ್ಲಾ ನಮ್ಮ ಚಿಗವ್ವ ಮಾಡಿದ್ದು ಅಂತ. ಅವತ್ತು ಬಸುರಿ ಹೆಂಗಸಿಗೆ ಯಾರೂ ಸಿಟ್ಟು ಮಾಡಂಗಿಲ್ಲ. ಬ್ಯಾರೆ ದಿನ ಹೇಳಿದ್ರ ನನ್ನ ಮನಿ ಬಿಡಿಸ್ತಾರ.’

ಲಲಿತಾ ಅಕ್ಕನ ಕಡೆ ನೋಡಿದಳು. ‘ಕಾರ್ಯ ಮುಗೀಲಿ ತಗೋ’ ಎಂದಳು ಗವಿಸಿದ್ದಮ್ಮ. ‘ಹುಬ್ಬಳ್ಳಿ ಎಲ್ಲಿ ಓಡಿ ಹೋಕೈತಿ?’

ಲಲಿತಾ ನವಿಲನ್ನು ತೆಗೆದುಕೊಂಡಳು. ಆಸೆ ಅವಳನ್ನು ಕೆಡಿಸಿತು, ಬೇರೇನೂ ಅಲ್ಲ. ಮೊದಮೊದಲು ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿಕೊಂಡಳು. ಆಮೇಲೆ ಅದೂ ಕಾಣದಾಯಿತು. ಮೈಮುನಬಿ ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಬಂದು ನೀಲಿಗಳನ್ನು ಬೇರೆ ಬೇರೆ ಮಾಡಿ, ಒಂದೊಂದು ಸೂಜಿಗೂ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು, ಯಾವ ಸಾಲಿನಲ್ಲಿ ಎಷ್ಟು ಚೌಕ ಎಂದು ಬಾಯಲ್ಲಿ ಹೇಳಿ ಹೋಗುವಳು. ದಾರ ಪೋಣಿಸಿದ ಸೂಜಿಯೊಂದು ಕೈಗೆ ಸಿಕ್ಕರೆ ಲಲಿತಾಳಿಗೆ ಕಣ್ಣು ಬೇಕಿರಲಿಲ್ಲ. ಬಟ್ಟೆಯ ತೂತುಗಳನ್ನು ಎಡಗೈಯ ಹೆಬ್ಬೆರಳಿನಿಂದ ಎಣಿಸುತ್ತ ಹೊಲಿದುಕೊಂಡು ಹೋಗುವಳು. ‘ನಿನ್ನನ್ನ ಕೊಲ್ಲಾಕತ್ಯಾರ ಲಲಿತಕ್ಕ’ ಎಂದಳು ಒಮ್ಮೆ ಮೈಮುನಬಿ. ‘ಕುಬಸ ಒಂದು ಆಗ್ಲಿ’ ಎಂದಳು ಲಲಿತಾ. ನವಿಲು ಮುಗಿಯುವ ಹೊತ್ತಿಗೆ ಬಲಗಣ್ಣು ಪೂರ್ತಿ ಹೋಗಿತ್ತು, ಎಡಗಣ್ಣಿನಲ್ಲಿ ಮನುಷ್ಯರ ಆಕಾರವಷ್ಟೇ ಉಳಿದಿತ್ತು. ಮುಗಿದ ನವಿಲನ್ನು ಅವಳು ನೋಡಲೇ ಇಲ್ಲ, ಬರೀ ಸವರಿದಳು.

ಕುಬಸದ ದಿನ ಗಂಗಾವತಿಯ ಮನೆಯ ಹಾಲ್ ಹೆಂಗಸರಿಂದ ಗಿಜಿಗುಟ್ಟುತ್ತಿತ್ತು. ಗೋಡೆಯ ಮೇಲೆ ನವಿಲು, ಅದರ ಕೆಳಗೆ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟ ಸುನಿತಾ. ಮೈಮುನಬಿಯನ್ನು ಯಾರೂ ಕರೆದಿರಲಿಲ್ಲ. ಲಲಿತಾ ಸುನಿತಾಳ ಮದುವೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟು, ಅವಳ ಮಾತು ಕೇಳಿಸಲೆಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಎಲ್ಲರೂ ತನ್ನ ಕಡೆ ತಿರುಗಿದಾಗ ಏನು ಹೇಳಬೇಕೆಂದು ಬಸ್ಸಿನಲ್ಲಿ ಕೂತು ಯೋಚಿಸಿದ್ದಳು. ಏನೂ ಹೇಳಬಾರದು, ಕೈ ಮುಗಿದರೆ ಸಾಕು ಎಂದು ತೀರ್ಮಾನಿಸಿದ್ದಳು.

ಸುನಿತಾಳಿಗೆ ಆರತಿಯಾಯಿತು, ಉಡಿ ತುಂಬಿದರು, ಹಾಡಾಯಿತು. ಮರಳಿಯಿಂದ ಬಂದ ಒಬ್ಬ ಮುದುಕಿ ನವಿಲನ್ನು ತೋರಿಸಿ ಕೇಳಿದಳು. ‘ಇಂಥಾದ್ದು ಹೆಂಗ ಮಾಡ್ದಿ ತಂಗಿ, ಬಸುರಾಗಿ?’

ಲಲಿತಾ ಸೆರಗು ಸರಿಮಾಡಿಕೊಂಡಳು.

‘ದಿನಾ ಸ್ವಲ್ಪ ಸ್ವಲ್ಪ ಮಾಡಿದ್ನಿರಿ ಅಜ್ಜಿ’ ಎಂದಳು ಸುನಿತಾ. ದನಿ ನಡುಗಲಿಲ್ಲ.

ಲಲಿತಾ ಇನ್ನೂ ಕಾದಳು. ಹುಡುಗಿಗೆ ಧೈರ್ಯ ಸಾಲುತ್ತಿಲ್ಲ, ಈಗ ಹೇಳುತ್ತಾಳೆ, ಊಟಕ್ಕೆ ಮೊದಲು ಹೇಳುತ್ತಾಳೆ. ತಾನು ಬೆಳೆಸಿದ ಕೂಸು. ಅಷ್ಟರಲ್ಲಿ ಅಮರಮ್ಮ ಬೀಗರ ಕಡೆಯ ಹೆಂಗಸರಿಗೆಲ್ಲ ರವಿಕೆ ಖಣ ಕೊಡುತ್ತ ಬಂದಳು. ಲಲಿತಾಳಿಗೆ ಖಣದ ಜೊತೆ ಕಟ್ಟು ಹಾಕಿಸದ ಒಂದು ಸಣ್ಣ ಗುಲಾಬಿಯ ಚಿತ್ರವನ್ನೂ ಇಟ್ಟಳು.

‘ಇದು ನಮ್ಮ ಸುನಿತಾ ಮಾಡಿದ್ದು. ನಿಮಗೂ ಹೊತ್ತು ಹೋಗಂಗಿಲ್ಲ, ಮಕ್ಕಳಿಲ್ಲ ಮರಿ ಇಲ್ಲ. ಇದನ್ನ ನೋಡಿ ಕಲೀರಿ ಲಲಿತಮ್ಮ. ಕೂಳು ಹಾಕಿದವರ ಮನಿಗೆ ಏನರ ಉಪಯೋಗಕ್ಕ ಬರ್ತೈತಿ.’

ಲಲಿತಾ ಬಟ್ಟೆಯ ಹಿಂಬದಿಗೆ ಹೆಬ್ಬೆರಳು ಆಡಿಸಿದಳು. ಗಂಟಿಲ್ಲದ, ಒಂದೇ ಸಮನಾದ ಹಿಂಬದಿ. ಅವಳ ಬೆರಳಿಗೆ ಗೊತ್ತಾಯಿತು.

‘ಇದು ನಾ ಮಾಡಿದ್ದು’ ಎಂದಳು. ಆಮೇಲೆ ಜೋರಾಗಿ, ‘ಆ ನವಿಲೂ ನಾನ ಮಾಡೀನ್ರಿ. ಎಲ್ಲಾ ನಾನ ಮಾಡೀನಿ. ಸುನಿತಾನ್ನ ಕೇಳ್ರಿ.’

ಎಲ್ಲರೂ ಸುನಿತಾಳ ಕಡೆ ತಿರುಗಿದರು. ಸುನಿತಾ ತಲೆ ತಗ್ಗಿಸಿ ಬಳೆ ಸರಿಸಿಕೊಂಡಳು. ಮಾತಾಡಿದವಳು ಗವಿಸಿದ್ದಮ್ಮ. ‘ಆಕಿ ಮಾತು ಹಿಡೀಬ್ಯಾಡ್ರಿ ಬೀಗ್ತಿ. ಶುಗರ್ ಏರಿದಾಗ ಹಿಂಗ ಏನೇನರ ಅಂತಾಳ. ಹೊಟ್ಟಿಕಿಚ್ಚರಿ, ತನಗ ಸಂಸಾರ ಇಲ್ಲಂತ.’ ಅಕ್ಕನ ದನಿ ಲಲಿತಾಳಿಗೆ ಗುರುತು ಸಿಗಲಿಲ್ಲ.

ಅಮರಮ್ಮ ಅಷ್ಟಕ್ಕೆ ಬಿಡುವ ಹೆಂಗಸಲ್ಲ. ಒಳಗೆ ಹೋಗಿ, ಸುನಿತಾ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಅರ್ಧ ಮುಗಿದ ಬಟ್ಟೆ, ಸೂಜಿ, ಒಂದು ಲಡಿ ದಾರ ತಂದು ಲಲಿತಾಳ ಮುಂದೆ ಹಾಕಿದಳು. ‘ಮಾತ್ಯಾಕ ಬೇಕು? ನಾಕು ಹೊಲಿಗಿ ಹಾಕ್ರಿ. ನೀವು ಮಾಡಿದ್ದಾದ್ರ ಈ ಮಂದಿ ಮುಂದ ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ.’

ಹೆಂಗಸರು ಸುತ್ತ ನೆರೆದರು. ಲಲಿತಾ ದಾರದ ತುದಿಯನ್ನು ನಾಲಿಗೆಗೆ ಹಚ್ಚಿ, ಹೊಸೆದು, ಸೂಜಿಯನ್ನು ಎಡಗಣ್ಣಿನ ಹತ್ತಿರ ಹಿಡಿದಳು. ಸೂಜಿ ಕಾಣಲಿಲ್ಲ. ಅಂದಾಜಿನಲ್ಲಿ ದಾರ ತಂದಳು, ಅದು ಬೆರಳಿಗೆ ಬಡಿದು ಬಾಗಿತು. ಮತ್ತೆ ಹೊಸೆದಳು, ಮತ್ತೆ ತಪ್ಪಿತು. ಕಿಟಕಿಯ ಕಡೆ ತಿರುಗಿ ಕೂತಳು, ಅಲ್ಲೂ ಅಷ್ಟೇ. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ‘ಸೂಜಿಗೆ ದಾರ ಹಾಕಾಕ ಬರಂಗಿಲ್ಲ, ನವಿಲು ಮಾಡ್ಯಾಳಂತ’ ಎಂದಳು ಇನ್ನೊಬ್ಬಳು. ಸೂಜಿ ಕೈಯಿಂದ ಜಾರಿ ಬಿತ್ತು. ಲಲಿತಾ ನೆಲವನ್ನು ತಡಕಾಡಿದಳು. ನಾಲ್ಕು ಮಂದಿಯ ಮುಂದೆ ಬೇಕೆಂದು ಅವಳೇ ಬಯಸಿದ್ದು.

ಹಸಿರು ಬಳೆಗಳ ಸದ್ದಾಯಿತು. ಸುನಿತಾ ಎದ್ದು ಬಂದು ಬಗ್ಗಿ ಸೂಜಿ ಎತ್ತಿಕೊಂಡಳು.

‘ಕೊಡು ಚಿಗವ್ವಾ’ ಎಂದು ದಾರವನ್ನೂ ಇಸಿದುಕೊಂಡು, ಒಂದೇ ಸಲಕ್ಕೆ ಪೋಣಿಸಿದಳು. ‘ನೋಡ್ರಿ, ಕೈ ಅಂದ್ರ ಇದು’ ಎಂದಳು ಮರಳಿಯ ಮುದುಕಿ.

ಲಲಿತಾಳಿಗೆ ಹೋದ ಜೀವ ಬಂದಂತಾಯಿತು. ಅವಳಿಗೆ ಬೇಕಿದ್ದದ್ದು ಅಷ್ಟೇ. ಬಟ್ಟೆ ತೊಡೆಯ ಮೇಲಿದೆ, ತೂತುಗಳು ಹೆಬ್ಬೆರಳಿನ ಕೆಳಗಿವೆ. ಕೈ ಚಾಚಿದಳು. ‘ಕೊಡವ್ವಾ, ಈಗ ಹಾಕ್ತೀನಿ.’

ಸುನಿತಾ ಚಾಚಿದ ಕೈಯನ್ನು ನೋಡಿದಳು. ದಾರ ಪೋಣಿಸಿದ ಸೂಜಿ ಆ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಆ ಹಾಲ್‌ನಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಚಿಗವ್ವನ ತೊಡೆಯ ಮೇಲಿನ ಬಟ್ಟೆಯನ್ನು ಮೆಲ್ಲಗೆ ಎಳೆದುಕೊಂಡು, ಸೂಜಿಯನ್ನು ಅದಕ್ಕೆ ಚುಚ್ಚಿ, ಸುರುಳಿ ಸುತ್ತಿ ಅತ್ತೆಯ ಕೈಗೆ ಕೊಟ್ಟಳು. ‘ಪಾಪ, ಸಾಕು ಬಿಡ್ರಿ ಅತ್ತಿಯಾರ’ ಎಂದಳು. ‘ಆಕಿಗೆ ಕಾಣಂಗಿಲ್ಲ.’

‘ನೀನೂ ಸಾಕು ಮಾಡು’ ಎಂದಳು ಅಮರಮ್ಮ, ಸೊಸೆಯ ತಲೆ ಸವರುತ್ತ. ‘ಹೆರಿಗಿ ಆಗೋತನಕ ಸೂಜಿ ಮುಟ್ಟಬ್ಯಾಡ. ನಿನ್ನ ಕಣ್ಣು ಕೆಟ್ಟಾವು.’

‘ಹೌದ್ರಿ ಬೀಗ್ತಿ’ ಎಂದಳು ಗವಿಸಿದ್ದಮ್ಮ. ‘ಹೋದ ಕಣ್ಣು ಮತ್ತ ಬರಂಗಿಲ್ಲಂತ ಡಾಕ್ಟರ್ ಹೇಳ್ತಾರ.’

ಒಳಗಿನಿಂದ ಊಟಕ್ಕೆ ಕರೆ ಬಂತು. ಹೆಂಗಸರೆಲ್ಲ ಎದ್ದು ಹೋದರು. ಲಲಿತಾ ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು, ಯಾರಾದರೂ ಹಿಡಿದು ಎಬ್ಬಿಸುತ್ತಾರೆಂದು ಕೂತಿದ್ದಳು.